ವಿಭೂತಿ ಡಬ್ಬಿಯಲ್ಲಿ ಬ್ಲೂಟೂತು

ನೆನೆಸಿದ ಅವರೆಕಾಳನ್ನು ಒಂದೊಂದಾಗಿ ಹಿಚುಕುತ್ತ ಕೂತಿದ್ದೆ. ಕುಣಿಗಲ್ಲಿನಿಂದ ನಾದಿನಿ ಫೋನು ಮಾಡಿ, ತಮ್ಮ ಮನೆಯ ಲ್ಯಾಪ್‌ಟಾಪ್ ತೀರಿಕೊಂಡಿತೆಂದು ತಿಳಿಸಿದಳು. ಅದನ್ನು ಕೂಗಿ ಹೇಳಿದ್ದೇ ನಮ್ಮ ಯಜಮಾನರ ಮುಖ ಅರಳಿತು. ಯಾರ ಮನೆಯ ಯಂತ್ರ ಸತ್ತರೂ ಅವರಿಗೆ ತವರಿನಿಂದ ಬುತ್ತಿ ಬಂದಷ್ಟು ಸಂತೋಷ.

ಅವರು ಅರ್ಧ ಆಯಸ್ಸು ಗುಬ್ಬಿಯ ಎಣ್ಣೆ ಮಿಲ್ಲಿನಲ್ಲಿ ಮೋಟಾರು ನೋಡಿಕೊಂಡವರು. ಮಿಲ್ಲು ಅವರಿಗೆ ವೈರಿನ ವಿದ್ಯೆ ಕೊಟ್ಟು, ಬದಲಿಗೆ ಕಿವಿ ಇಸ್ಕೊಂಡಿತು. ಇದನ್ನು ಅವರು ಒಪ್ಪುವುದಿಲ್ಲ. ಈಗಿನ ಜನವೇ ಬಾಯೊಳಗೆ ಮಾತಾಡುತ್ತಾರೆ, ಅದರಲ್ಲಿ ನಾನು ಮೊದಲನೆಯವಳು, ಎಂಬುದು ಅವರ ವಾದ. ದಿನಾ ಬೆಳಗ್ಗೆ ಕಂಪ್ಯೂಟರಿನಲ್ಲಿ ವಚನ ಹಾಕುತ್ತಾರೆ. ಆ ಸದ್ದಿಗೆ ಎದುರುಮನೆಯಾಕೆ, ನಮ್ಮ ಮರಳೂರಿನಲ್ಲಿ ಹೊಸ ಮಠವಾಯಿತೇ ಎಂದು ವಿಚಾರಿಸಿದ್ದಳು. ಪುಕ್ಕಟೆ ಪುಣ್ಯ ಹಂಚಿದ ಮನೆ ನಮ್ಮದು, ಅದಕ್ಕೂ ಶಿವನಿಗೆ ಶರಣು.

ನಗುವುದು ಸುಲಭ. ಆದರೆ ಒಂದು ಮಾತು ಕೇಳಿ. ಬೈಗುಳವನ್ನು ಕೂಗಿ ಹೇಳಬಹುದು. ‘ಊಟ ಸೇರ್ತಾ?’ ಎನ್ನುವುದನ್ನು ಕೂಗಿದರೆ ಅದೂ ಬೈಗುಳವೇ ಆಗುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ಮೆತ್ತಗಿನ ಮಾತುಗಳೆಲ್ಲ ಒಂದೊಂದಾಗಿ ನಿಂತುಹೋಗಿದ್ದವು. ಕಿವಿ ತೋರಿಸೋಣವೆಂದರೆ ಸಿಡುಕು. ನಾದಿನಿ ಕೊಟ್ಟಿದ್ದ ವೈರಿಲ್ಲದ ಹೆಡ್‌ಫೋನನ್ನು ಕಿವುಡರ ಒಡವೆ ಎಂದು ಬೀರುವಿಗೆ ತುರುಕಿದ್ದರು.

ಲ್ಯಾಪ್‌ಟಾಪ್ ಬಂತು. ಅದರ ಹೊಟ್ಟೆ ಬಗೆದು ಉಗುರಿನಷ್ಟು ಹಸಿರು ಬಿಲ್ಲೆ ತೆಗೆದು, ಇದೇ ಬ್ಲೂಟೂತು, ನಮ್ಮ ಹಳೇ ಕಂಪ್ಯೂಟರಿಗೆ ಇಲ್ಲದ್ದು, ಎಂದರು. ನನಗೆ ದೇವರೇ ಬುದ್ಧಿ ಕೊಟ್ಟ. ‘ಅದನ್ನ ಕಂಪ್ಯೂಟ್ರಿಗೆ ಸೇರ್ಸಿ, ಆ ಹೆಡ್‌ಫೋನಲ್ಲಿ ವಚನ ಕೇಳ್ಕಳಿ. ನನ್ನ ಪೂಜೆಗಾದ್ರೂ ನಿಶ್ಶಬ್ದ ಸಿಗ್ಲಿ’ ಎಂದು ಕೂಗಿದೆ. ಇಂಥದು ಅಂಗಡಿಯಲ್ಲಿ ಸಿದ್ಧವಾಗಿಯೇ ಸಿಗುತ್ತದೆಂದು ನನಗೂ ಗೊತ್ತು. ಕೊಂಡದ್ದನ್ನು ಅವರು ಮುಟ್ಟುವುದಿಲ್ಲ. ತಾವೇ ಮಾಡಿದ್ದಾದರೆ ಉಪ್ಪಿಲ್ಲದಿದ್ದರೂ ರುಚಿ.

ರಾಹುಕಾಲ ಕಳೆದ ಮೇಲೆ ಹಳೇ ಮೌಸಿನ ಬಾಲ ಕತ್ತರಿಸಿ, ಒಳಗಿನ ನಾಲ್ಕು ಬಣ್ಣದ ಎಳೆಗಳನ್ನು ಬಿಲ್ಲೆಗೆ ಬೆಸೆದರು. ಕಂಪ್ಯೂಟರಿನ ವೋಲ್ಟೇಜು ಆ ಪುಟ್ಟ ಜೀವಕ್ಕೆ ಹೆಚ್ಚಂತೆ, ನಡುವೆ ತಗ್ಗಿಸುವ ಚೂರೊಂದನ್ನು ಕೂರಿಸಿದರು. ಬಿಲ್ಲೆಗೊಂದು ಮನೆ ಬೇಕೆಂದಾಗ, ದೇವರ ಡಬ್ಬಿ, ಒಳ್ಳೆಯದಾಗುತ್ತದೆಂದು ಖಾಲಿಯಾದ ಸ್ಟೀಲಿನ ವಿಭೂತಿ ಡಬ್ಬಿ ಕೊಟ್ಟೆ. ಅವರೂ ಕಣ್ಣಿಗೊತ್ತಿಕೊಂಡು ಅದರೊಳಗಿಟ್ಟು, ಮುಚ್ಚಳ ಹಾಕಿ, ಕಂಪ್ಯೂಟರಿನ ಹಿಂದೆ ತೂಗುಬಿಟ್ಟರು.

ಹೆಡ್‌ಫೋನು ಹಾಕಿಕೊಂಡು ಎರಡು ಹೆಜ್ಜೆ ಹೋದರೆ ಹಾಡು ತುಂಡು ತುಂಡು. ಬೆಸುಗೆ ಬಿಚ್ಚಿದರು, ಮತ್ತೆ ಹಾಕಿದರು. ನನ್ನ ದೃಷ್ಟಿಯೇ ತಾಗಿತೆಂದು ಗೊಣಗಿದರು. ನಾನು ಮನಸ್ಸಿನಲ್ಲೇ ಹಣ್ಣುಕಾಯಿ ಹರಸಿಕೊಂಡೆ. ಇದು ಕೆಟ್ಟರೆ ಹೆಡ್‌ಫೋನು ಮತ್ತೆ ಬೀರುವಿಗೆ, ನಾವಿಬ್ಬರೂ ಮತ್ತೆ ಕೂಗಾಟಕ್ಕೆ. ಕೊನೆಗೆ ಅವರೇ ಹಣೆ ಚಚ್ಚಿಕೊಂಡರು. ‘ಸ್ಟೀಲು ಕಣೇ. ಸಿಗ್ನಲ್ಲು ಆಚೆಗೇ ಬರ್ತಿಲ್ಲ.’ ಬಿಲ್ಲೆ ಪ್ಲಾಸ್ಟಿಕ್ಕಿನ ಕುಂಕುಮದ ಡಬ್ಬಿಗೆ ಹೋಯಿತು. ದೇವರು ಪ್ಲಾಸ್ಟಿಕ್ಕಿನಲ್ಲೂ ಇದ್ದಾನೆಂದು ಸಮಾಧಾನ ಮಾಡಿಕೊಂಡೆ.

ಆಮೇಲೆ ಮನೆ ನಿಶ್ಶಬ್ದವಾಯಿತು. ಅವರು ಕುರ್ಚಿಯಲ್ಲಿ ಅಲುಗದೆ ಕೂತರು. ಒಂದು ವಚನ ಮುಗಿಯಿತು, ಅದನ್ನೇ ಮತ್ತೆ ಹಾಕಿಕೊಂಡರು. ಆಮೇಲೆ ಹೆಡ್‌ಫೋನು ತೆಗೆದು ನನ್ನ ಕಡೆ ನೋಡಿದರು.

‘ಇದ್ರಲ್ಲಿ ತಾಳ ಬಾರಿಸ್ತಾರೇನೇ?’

‘ಮೊದ್ಲಿಂದ್ಲೂ ಬಾರಿಸ್ತಾರೆ’ ಎಂದು ಕೂಗಿದೆ.

ಹೆಡ್‌ಫೋನನ್ನು ಅಂಗೈಯಲ್ಲಿ ತಿರುಗಿಸುತ್ತ ಕೂತರು. ‘ಹಂಗಾದ್ರೆ ನೀನೂ ಬಾಯೊಳ್ಗೆ ಮಾತಾಡ್ತಿರ್ಲಿಲ್ಲ ಅನ್ನು.’

ಈ ಮಾತಿಗೆಂದು ನಾನು ವರ್ಷಗಳಿಂದ ಕೂಡಿಟ್ಟಿದ್ದ ಉತ್ತರಗಳನ್ನೆಲ್ಲ ಬದಿಗಿಟ್ಟೆ. ಸೋಮವಾರ ಕಿವಿ ಡಾಕ್ಟರ ಹತ್ತಿರ ಹೋಗೋಣವೇ ಎಂದು ಮೆತ್ತಗೆ ಕೇಳಿದೆ.

‘ಆಂ?’

ಕೂಗಿ ಕೇಳಿದೆ. ಸಿಡುಕದೆ ತಲೆಯಾಡಿಸಿದರು. ಎದುರುಮನೆಯಾಕೆಗೂ ಕೇಳಿಸಿರಬೇಕು, ಕೇಳಿಸಲಿ. ಒಗೆದ ಬಟ್ಟೆಯ ಬಕೆಟ್ಟು ಎತ್ತಿಕೊಂಡು ಒಣಹಾಕಲು ಮಹಡಿ ಹತ್ತಿದೆ.