ಡ್ರಮ್ಮಿಗೆ ಸುತ್ತಿ ಓದಬೇಕಾದ ಅಕ್ಷರ

ಬಟ್ಟೆ ಬಿಳುಪು ಮಾಡುವ ಕಾರ್ಖಾನೆಯೊಂದರಲ್ಲಿ ಕ್ಷಾರದ ಡ್ರಮ್ಮಿನ ಎಚ್ಚರಿಕೆ ಚೀಟಿಯನ್ನು ಲಗ್ನಪತ್ರಿಕೆಯ ಬಳುಕುವ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದರು. ಸೋಪಿನ ನೀರೆಂದು ಆ ಕ್ಷಾರವನ್ನು ಮಗ್ಗಿನಲ್ಲಿ ಮೊಗೆದ ಹೆಂಗಸಿನ ಎಡಗಣ್ಣು ಹೋಯಿತು.

ಆ ಹೆಂಗಸು ಈಗ, ಬೆಳಕು ಹರಿಯುವ ಹೊತ್ತಿಗೆ, ಸಣ್ಣದೊಂದು ಮುದ್ರಣಾಲಯದ ಹಿತ್ತಿಲ ಬಾಗಿಲಲ್ಲಿ ನಿಂತಿದ್ದಾಳೆ. ಹಿತ್ತಿಲಲ್ಲಿ ಅವಳ ಅತ್ತಿಗೆ ಖಾಲಿ ಡ್ರಮ್ಮಿಗೆ ಹೊಸ ಚೀಟಿಯೊಂದನ್ನು ಸುತ್ತಿ, ಎಣ್ಣೆಗೈ ಸವರಿ, ಮೇಲೆ ಸೋಪಿನ ನೊರೆ ಎರಚುತ್ತಿದ್ದಾಳೆ.

“ಓದೇ.”

“‘ಮುಟ್ಟಬೇಡಿ’ ಅಂತಿದೆ. ಅದರ ಕೆಳಗಿಂದು ಇರುವೆ ಸಾಲು ಹೋದಂಗಿದೆ, ಅತ್ತಿಗೆ.”

“ಕಣ್ಣು ಕಿರಿದು ಮಾಡ್ಬೇಡ, ಕಳ್ಳಿ. ಕೆಲಸದ ಅವಸರದಲ್ಲಿ ಯಾರು ಹಾಗೆ ನೋಡ್ತಾರೆ?”

“ಇರೋದೇ ಒಂದು ಕಣ್ಣು. ಅದನ್ನೂ ಹೇಗೆ ಬಿಡ್ಬೇಕು ಅಂತ ನೀನೇ ಹೇಳ್ಕೊಡು!”

ಇಬ್ಬರೂ ನಗುತ್ತಾರೆ. ಅತ್ತಿಗೆ ಚೀಟಿ ಕಿತ್ತುಕೊಂಡು ಮತ್ತೆ ಕಂಪ್ಯೂಟರಿನ ಮುಂದೆ ಕೂರುತ್ತಾಳೆ.

ಮುದ್ರಣಾಲಯದವರು ಈ ಅತ್ತಿಗೆಯನ್ನು ಕರೆಯುವುದು ಒತ್ತಕ್ಕ ಎಂದು. ಒತ್ತಕ್ಷರವೊಂದು ಮಸಿಯಲ್ಲಿ ಮುಚ್ಚಿಹೋದರೆ ಕೈತುತ್ತು ಬಿಟ್ಟು ಜಗಳಕ್ಕೆ ನಿಲ್ಲುವವಳು. ಗಂಡ ತೀರಿಕೊಂಡ ಮೇಲೆ ಕಾಗದ ಮಡಿಸುವ ಕೆಲಸಕ್ಕೆ ಬಂದಳು. ಮಡಿಸುತ್ತ ಓದಿದಳು, ಓದುತ್ತ ಅಚ್ಚಿಗೆ ಅಕ್ಷರ ಕೂಡಿಸುವುದನ್ನು ಕಲಿತಳು. ಬಸ್ಸಿನ ಚೀಟಿ, ಔಷಧದ ಡಬ್ಬಿ, ಅಂಗಡಿಯ ಬೋರ್ಡು: ಇವಳ ಕೈಕೆಲಸ ಇಲ್ಲದ ಬೀದಿಯಿಲ್ಲ. ಹೆಸರು ಮಾತ್ರ ಎಲ್ಲೂ ಇಲ್ಲ.

“ಪರದೆ ಮೇಲೆ ದೊಡ್ಡದು ಮಾಡಿ ನೋಡಿದ್ರೆ ಎಲ್ಲ ಫಾಂಟೂ ಮದುವಣಗಿತ್ತೀನೇ,” ಎನ್ನುತ್ತಾಳೆ. “ಡ್ರಮ್ಮು ದುಂಡಗಿರತ್ತೆ. ಅರ್ಧ ಸಾಲು ಹಿಂದಕ್ಕೆ ಹೋಗತ್ತೆ. ಕೈ ಒದ್ದೆ, ಮುಖಕ್ಕೆ ಹಬೆ. ಅಲ್ಲಿ ಕಾಣ್ಬೇಕು.”

ಹಳೆಯ ಚೀಟಿಗೆ ಆದದ್ದೂ ಅದೇ. ಕಾರ್ಖಾನೆಯ ಮ್ಯಾನೇಜರ್ ತಂಪು ಕೋಣೆಯಲ್ಲಿ, ಪರದೆಯ ಮೇಲೆ ಹಿಗ್ಗಿಸಿ ನೋಡಿ ಒಪ್ಪಿದರು. ಅಚ್ಚಾಗಿ ಬಂದದ್ದು ಅಂಗೈಯಗಲ. ಸುಳಿಗಳಲ್ಲಿ ಮಸಿ ತುಂಬಿ ಅಕ್ಷರವೆಲ್ಲ ಬಳ್ಳಿಯಾಗಿತ್ತು. ವಿಚಾರಣೆಯಲ್ಲಿ ಮಾತ್ರ ಅವರು ಹೇಳಿದ್ದು ಇಷ್ಟೇ: ಎಚ್ಚರಿಕೆ ಇತ್ತು, ಅವಳು ಓದಲಿಲ್ಲ.

ಅಕ್ಷರದ ಆಯ್ಕೆಯನ್ನು ಅಲಂಕಾರವೆಂದು ತಿಳಿದವರು ಬೀದಿಗಿಳಿದು ನೋಡಲಿ. ರಿಯಾಯಿತಿ ಮಾರಾಟದ ಸುದ್ದಿ ಆ ತುದಿಗೂ ರಾಚುತ್ತದೆ. ಕೆಲಸದಿಂದ ತೆಗೆಯುವ ಷರತ್ತಿಗೆ ಭೂತಗನ್ನಡಿ ಬೇಕು. ಯಾರ ಕಣ್ಣಿಗೆ ಯಾವುದು ಬೀಳಬಾರದು ಎಂಬುದನ್ನು ಯಾರೋ ಕೂತು ಆರಿಸಿರುತ್ತಾರೆ.

ಚೀಟಿ ಬದಲಿಸಬೇಕೆಂದು ಆದೇಶವಾದ ಮೇಲೆ ಕೆಲಸ ಈ ಮುದ್ರಣಾಲಯಕ್ಕೆ ಬಂದಿದೆ. ಕಣ್ಣು ಕಳೆದುಕೊಂಡ ನಾದಿನಿಯ ಜೊತೆಗಾರ್ತಿಯರು ಇನ್ನೂ ಅದೇ ಶೆಡ್ಡಿನಲ್ಲಿ ದುಡಿಯುತ್ತಿದ್ದಾರೆ. ಬೆಳಗಿನ ಚೀಟಿ ಕಿತ್ತ ಮೇಲೆ ಒತ್ತಕ್ಕ ಆರಿಸಿದ್ದು ದಪ್ಪ ಗೆರೆಯ, ಅಗಲ ಹೊಟ್ಟೆಯ, ಒತ್ತುಗಳಿಗೆ ಉಸಿರಾಡಲು ಜಾಗವಿರುವ ಅಕ್ಷರ. ಸಾಲುಗಳನ್ನು ತುಂಡು ಮಾಡಿ ಡ್ರಮ್ಮಿನ ಎದುರಿಗೇ ನಿಲ್ಲಿಸಿದ್ದಾಳೆ.

“‘ಮುಟ್ಟಬೇಡಿ. ಸುಡುತ್ತದೆ.’ ಅಬ್ಬಾ, ನಮ್ಮತ್ತೆ ಬೈದಂಗಿದೆ!” ಬಾಗಿಲಿನಿಂದಲೇ ನಾದಿನಿ ಕೂಗುತ್ತಾಳೆ.

“ಬೈಲಿ ಬಿಡು. ಕೇಳಿಸ್ತಲ್ಲ.”

ಮುದ್ರಣಾಲಯ ತೆರೆಯುವ ಹೊತ್ತಿಗೆ ಕಾರ್ಖಾನೆಯ ಮ್ಯಾನೇಜರ್ ಬರುತ್ತಾರೆ. ಚೀಟಿ ನೋಡಿ ಮುಖ ಹಿಂಡುತ್ತಾರೆ.

“ಏನಮ್ಮ ಇದು, ಕಿರಿಚ್ಕೊಂಡಂಗಿದೆ? ಹೊರಗಿನ ಗಿರಾಕಿಗಳು ಬಂದು ಹೋಗೋ ಜಾಗ. ತೆಳ್ಳಗೆ, ನಾಜೂಕಾಗಿ ಹಾಕು. ಎಚ್ಚರಿಕೆ ಇದ್ರೆ ಸಾಕಲ್ಲ?”

“ಇದ್ರೆ ಸಾಲಲ್ಲ ಸಾರ್, ಕಾಣ್ಬೇಕು.”

ಮುದ್ರಣಾಲಯದ ಯಜಮಾನರು ನಡುವೆ ಬರುತ್ತಾರೆ. “ಹಾಕ್ಕೊಟ್ಬಿಡಮ್ಮ. ಇವರ ಕೆಲಸ ತಪ್ಪಿದ್ರೆ ನಮ್ಮ ಮೆಷಿನ್ ನಿಲ್ಲತ್ತೆ. ಆಮೇಲೆ ನಿನ್ನನ್ನ ಇಟ್ಕೊಳ್ಳೋಕೆ ನನ್ ಕೈಲೂ ಆಗಲ್ಲ.”

ಒತ್ತಕ್ಕ ಬಾಗಿಲಲ್ಲಿ ನಿಂತ ನಾದಿನಿಯತ್ತ ನೋಡುತ್ತಾಳೆ.

“ನೀನು ಮಾಡ್ದಿದ್ರೆ ಇನ್ನೊಬ್ಬರು ಮಾಡ್ತಾರೆ,” ಎನ್ನುತ್ತಾರೆ ಮ್ಯಾನೇಜರ್.

ಒತ್ತಕ್ಕ ಎದ್ದು, ಕುರ್ಚಿಯನ್ನು ಅವರತ್ತ ತಿರುಗಿಸುತ್ತಾಳೆ.

“ಇನ್ನೊಬ್ಬರು ಯಾಕೆ ಸಾರ್? ಕೂತ್ಕೊಳ್ಳಿ, ಅಕ್ಷರ ನೀವೇ ಕೂಡ್ಸಿ. ನಾನು ಕೂಡ್ಸಲ್ಲ.”