ಹ್ಯಾಂಡ್‌ಬಾಲ್ ಎಂಬ ಸವತಿ

ನನಗೊಬ್ಬಳು ಸವತಿ ಇದ್ದಾಳೆ. ಜರ್ಮನಿಯವಳು, ವಯಸ್ಸು ನೂರು ದಾಟಿದೆ. ನನ್ನ ಗಂಡ ಅವಳನ್ನು ಕ್ಲಬ್ ಎನ್ನುತ್ತಾನೆ. ನಾನು ಮಾತ್ರ ಅವಳು ಎಂದೇ ಹೇಳುವುದು. ಒಂದು ಹ್ಯಾಂಡ್‌ಬಾಲ್ ತಂಡದ ಮೇಲೆ ಇಷ್ಟು ಹೊಟ್ಟೆಕಿಚ್ಚು ಪಡುವುದಕ್ಕೆ ನನಗೇ ನಾಚಿಕೆ. ಹೆಂಗಸಿನ ಮೇಲಾದರೆ ಅದಕ್ಕೊಂದು ಮರ್ಯಾದೆಯಾದರೂ ಇರುತ್ತದೆ.

ಅವಳನ್ನು ಮನೆಗೆ ತಂದದ್ದು ನನ್ನದೇ ತೆಂಗಿನೆಣ್ಣೆ. ನಾವಿರುವುದು ಸೌದಿಯಲ್ಲಿ, ದಮ್ಮಾಮಿನ ಹತ್ತಿರದ ಥುಕ್ಬಾದಲ್ಲಿ. ನಾನು ಇಲ್ಲೇ ಹತ್ತಿರದ ಕ್ಲಿನಿಕ್ಕಿನಲ್ಲಿ ನರ್ಸ್, ಅವನು ದಮ್ಮಾಮಿನ ಕ್ರೀಡಾ ಹಾಲ್ ಒಂದರಲ್ಲಿ ಮೆಂಟೆನೆನ್ಸ್ ಸೂಪರ್‌ವೈಸರ್. ಕೆಲವು ವರ್ಷಗಳ ಹಿಂದೆ ಆ ಹಾಲಿನಲ್ಲಿ ದೇಶವಿದೇಶದ ಕ್ಲಬ್ಬುಗಳ ಪಂದ್ಯಾವಳಿ ನಡೆಯಿತು. ಹ್ಯಾಂಡ್‌ಬಾಲ್ ಆಡುವವರು ಚೆಂಡು ಜಾರದಂತೆ ಬೆರಳಿಗೆ ಒಂದು ಬಗೆಯ ಅಂಟು ಹಚ್ಚಿಕೊಳ್ಳುತ್ತಾರಂತೆ. ಮೊದಲ ದಿನವೇ ಆ ಅಂಟು ಬಾಗಿಲ ಹಿಡಿ, ಬೆಂಚು, ನಲ್ಲಿ, ಎಲ್ಲದಕ್ಕೂ ಮೆತ್ತಿಕೊಂಡಿತು. ಸೋಪಿಗೆ ಅದು ಬಗ್ಗಲಿಲ್ಲ. ಕಾಂಟ್ರಾಕ್ಟರ್ ಯಲ್ಲಾ ಯಲ್ಲಾ, ಬೇಗ ಬೇಗ ಎಂದು ಇವನ ತಲೆಯ ಮೇಲೆ ನಿಂತಿದ್ದ. ಉಡುಪಿ ಕಡೆಯವನಿಗೆ ಅಂಟು ಎಂದರೆ ನೆನಪಾಗುವುದು ಹಲಸಿನ ಮೇಣ, ಮೇಣಕ್ಕೆ ಮದ್ದು ತೆಂಗಿನೆಣ್ಣೆ. ಊರಿನಿಂದ ನನ್ನ ತಲೆಗೆಂದು ಬಂದಿದ್ದ ಗಾಣದ ಎಣ್ಣೆಯ ಬಾಟಲಿಯನ್ನೇ ಎತ್ತಿಕೊಂಡು ಹೋದ. ಹಳೆಯ ಬನಿಯನ್ ತುಂಡನ್ನು ಅದರಲ್ಲಿ ಅದ್ದಿ ಉಜ್ಜಿದರೆ ಅಂಟು ಬಿಟ್ಟುಕೊಂಡಿತು.

ಜರ್ಮನ್ ತಂಡದ ಸಾಮಾನು ಸರಂಜಾಮು ನೋಡಿಕೊಳ್ಳುವ ವಯಸ್ಸಾದ ಮನುಷ್ಯನೊಬ್ಬ ಇದನ್ನು ನಿಂತು ನೋಡಿ ಇವನ ಬೆನ್ನು ತಟ್ಟಿದನಂತೆ. ಮರುದಿನದಿಂದ ಅವರ ಆಟಗಾರರ ಕೈಗೂ ನನ್ನದೇ ಎಣ್ಣೆ. ಅವರು ಕಪ್ ಗೆದ್ದು, ಇವನಿಗೊಂದು ಜೆರ್ಸಿ ಕೊಟ್ಟು ಹೊರಟರು. ನಾನು ಒಂದು ತಿಂಗಳು ಒಣ ತಲೆಯಲ್ಲಿ ಡ್ಯೂಟಿಗೆ ಹೋದೆ.

ಅಲ್ಲಿಂದ ಶುರುವಾಯಿತು. ಊಟಕ್ಕೆ ಕುಳಿತರೆ ಅವಳ ಚರಿತ್ರೆ. ಕಾರ್ಖಾನೆ ಊರಿನ ಒಂದು ಕಸರತ್ತು ಸಂಘದಲ್ಲಿ ಅವಳು ಹುಟ್ಟಿದ್ದು, ಆಗೆಲ್ಲ ಹುಲ್ಲಿನ ಮೈದಾನದಲ್ಲಿ ಹನ್ನೊಂದು ಹನ್ನೊಂದು ಜನ ಆಡುತ್ತಿದ್ದದ್ದು, ಆಮೇಲೆ ಚಾವಣಿಯ ಕೆಳಗೆ ಬಂದು ಏಳು ಜನರ ಆಟವಾದದ್ದು. ದೊಡ್ಡ ಲೀಗಿನಲ್ಲಿ ಚಾಂಪಿಯನ್ ಆಗಿ ಮೆರೆದದ್ದು, ಮತ್ತೆ ಗತಿಗೆಟ್ಟು ಕೆಳಗಿನ ಲೀಗಿಗೆ ಬಿದ್ದದ್ದು, ಆಗಲೂ ಊರವರು ಕೈಬಿಡದೆ ಶಾಲೆಯ ಹಾಲಿನಂಥ ಜಾಗದಲ್ಲಿ ನಿಂತು ಚಪ್ಪಾಳೆ ತಟ್ಟಿದ್ದು, ಮತ್ತೆ ಮೇಲೆ ಬಂದದ್ದು. ಯುರೋಪಿನ ಫೈನಲ್ ಒಂದರಲ್ಲಿ ಒಂದೇ ಗೋಲಿನಿಂದ ಸೋತ ಕತೆ ಹೇಳುವಾಗಂತೂ ತುತ್ತು ಅವನ ಕೈಯಲ್ಲೇ ಒಣಗುತ್ತದೆ. ಆ ಪಂದ್ಯ ನಡೆದಾಗ ಅವನು ಅವಳ ಹೆಸರನ್ನೂ ಕೇಳಿರಲಿಲ್ಲ.

ನನಗೆ ಉರಿಯುತ್ತಿದ್ದದ್ದು ಇಲ್ಲೇ. ಕೆಳಗಿನ ಲೀಗಿಗೆ ನಾವೂ ಒಮ್ಮೆ ಬಿದ್ದವರು. ಅವನ ಹಳೆಯ ಕಂಪನಿ ಮುಚ್ಚಿತು, ವೀಸಾಕ್ಕೆ ಹೊಣೆ ನಿಲ್ಲುವ ಹೊಸ ಕಫೀಲ್ ಸಿಗುವವರೆಗೆ ಅವನಿಗೆ ಸಂಬಳವಿಲ್ಲ, ಇದ್ದ ಫ್ಲಾಟ್ ಬಿಟ್ಟು ಬೇರೊಂದು ಸಂಸಾರದ ಹಾಲಿಗೆ ಪರದೆ ಕಟ್ಟಿಕೊಂಡು ಉಳಿದೆವು. ನಾನು ಎರಡೆರಡು ಶಿಫ್ಟ್ ಮಾಡಿದೆ. ಮೇಲೆ ಬಂದೆವು. ಆ ಕತೆಯನ್ನು ಅವನು ಒಂದು ದಿನವೂ ಊಟದ ಹೊತ್ತಿನಲ್ಲಿ ಹೇಳಿದವನಲ್ಲ. ಅವಳು ಬಿದ್ದು ಎದ್ದರೆ ಇತಿಹಾಸ, ನಾನು ಬಿದ್ದು ಎದ್ದರೆ ಸಂಸಾರ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಮಾತು ಕೇಳಿದ್ದೆ. ಇವನ ಉಪಕಾರ ಇನ್ನೊಂದು ಖಂಡದ ಊರಿಗೆ.

ಕಳೆದ ವರ್ಷದ ಕ್ರಿಸ್ಮಸ್ಸಿಗೆ ಇದು ತುದಿ ಮುಟ್ಟಿತು. ಇಲ್ಲಿ ಡಿಸೆಂಬರ್ ಇಪ್ಪತ್ತೈದು ಎಲ್ಲ ದಿನಗಳಂತೆ ಕೆಲಸದ ದಿನ. ಹಾಗಾಗಿ ನಮ್ಮ ಮಂಗಳೂರು, ಉಡುಪಿಯ ಕೆಲವು ಮನೆಯವರು ಹಬ್ಬವನ್ನು ಹತ್ತಿರದ ರಜೆಯ ಶುಕ್ರವಾರಕ್ಕೆ ಇಟ್ಟುಕೊಳ್ಳುತ್ತೇವೆ, ವರ್ಷಕ್ಕೊಂದು ಮನೆಯಲ್ಲಿ. ಪರದೆಯ ಹಿಂದೆ ಉಳಿದ ಕಾಲದಲ್ಲಿ ನಮ್ಮ ಸರದಿ ಬಂದಾಗ ಬಿಟ್ಟುಕೊಟ್ಟಿದ್ದೆವು. ಕಳೆದ ವರ್ಷ ಅದು ಮತ್ತೆ ನಮ್ಮ ಪಾಲಿಗೆ ಬಂದಿತ್ತು. ನಮ್ಮದೇ ಬಾಡಿಗೆ ಮನೆಯಲ್ಲಿ, ಗಂಡ ಹೆಂಡತಿ ಬಾಗಿಲಲ್ಲಿ ನಿಂತು ಬಂದವರನ್ನು ಒಳಗೆ ಕರೆಯುವುದನ್ನು ನಾನು ಎಷ್ಟು ಸಲ ಮನಸ್ಸಿನಲ್ಲೇ ಆಡಿ ನೋಡಿದ್ದೆನೋ. ಶುಕ್ರವಾರ ಬಿದ್ದದ್ದು ಇಪ್ಪತ್ತಾರಕ್ಕೆ. ಜರ್ಮನಿಯಲ್ಲಿ ಕ್ರಿಸ್ಮಸ್ಸಿನ ಮರುದಿನ ಹ್ಯಾಂಡ್‌ಬಾಲ್ ನೋಡಲು ಜನ ಕಿಕ್ಕಿರಿಯುತ್ತಾರಂತೆ. ಆ ಪಂದ್ಯಕ್ಕೆ ಬಾ, ನನ್ನ ಮನೆಯಲ್ಲೇ ಉಳಿದುಕೋ ಎಂದು ಆ ಸಾಮಾನಿನ ಅಜ್ಜ ಇವನನ್ನು ಕರೆದ.

ಅವನು ನನ್ನ ಹತ್ತಿರ ಹೇಳಿದ್ದು ನಾನು ಕುಸ್ವಾರಿಗೆ, ಕ್ರಿಸ್ಮಸ್ಸಿನ ತಿಂಡಿಗಳಿಗೆ, ಹಿಟ್ಟು ನಾದುತ್ತಿದ್ದಾಗ. ಪ್ರತಿವರ್ಷ ಬಾಚಣಿಗೆಯ ಹಲ್ಲಿನ ಮೇಲೆ ಹಿಟ್ಟನ್ನು ಒತ್ತಿ ಕಿಡಿಯೊ ಎಂಬ ಸಣ್ಣ ಸುರುಳಿ ತಿಂಡಿ ಸುತ್ತುವುದು ಅವನ ಕೆಲಸ. ಆ ದಿನ ಸುತ್ತುತ್ತಾ ಸುತ್ತುತ್ತಾ, ತಲೆ ಎತ್ತದೆ, "ಒಂದು ಸಲ ಅಲ್ಲಿ ಕೂತು ನೋಡಿ ಬರ್ತೇನೆ ಮಾರಾಯ್ತಿ. ಒಂದೇ ಸಲ" ಎಂದ.

ಜಗಳವಾಡುವುದಿಲ್ಲ ಎಂದುಕೊಂಡಿದ್ದೆ. ಬಾಯಿ ಕೇಳಲಿಲ್ಲ. "ಹೋಗು. ಅವಳ ಗೋಲ್‌ಕೀಪರನ ಮೊಣಕಾಲು ಹೇಗುಂಟು ಅಂತ ಕೇಳಿ ಬಾ. ನನ್ನದನ್ನು ನಾನೇ ನೋಡಿಕೊಳ್ತೇನೆ" ಎಂದೆ.

ಅವನು ಬಾಚಣಿಗೆ ಕೆಳಗಿಟ್ಟ. "ನಿನ್ನ ಮೊಣಕಾಲಿಗೆ ಎಂತ ಆಯ್ತು?"

ಮೂರನೇ ಮಹಡಿಯ ಮನೆ. ಬೇಸಿಗೆಯಿಂದ ನಾನು ಗೋಡೆ ಹಿಡಿದು ಅಡ್ಡಡ್ಡ ಹೆಜ್ಜೆ ಇಟ್ಟು ಮೆಟ್ಟಿಲು ಇಳಿಯುತ್ತಿದ್ದೆ, ಅವನ ಮುಂದೆಯೇ. ಆ ಗೋಲ್‌ಕೀಪರನ ಆಪರೇಷನ್ ಯಾವ ಕಾಲಿಗೆ, ಮತ್ತೆ ಯಾವಾಗ ಆಡುತ್ತಾನೆ ಎಂಬುದೆಲ್ಲ ಇವನಿಗೆ ಬಾಯಿಪಾಠ. ನಾನು ಹಿಟ್ಟನ್ನು ಮುಚ್ಚಿಟ್ಟು ಹೋಗಿ ಮಲಗಿದೆ. ಅಳು ಬಂದಿತ್ತು. ಸಿಟ್ಟೂ ಬಂದಿತ್ತು. ಹೆಂಗಸೊಬ್ಬಳು ಎದುರಿಗಿದ್ದರೆ ಜುಟ್ಟು ಹಿಡಿಯಬಹುದಿತ್ತು.

ಮರುದಿನ ನನ್ನ ಡ್ಯೂಟಿ ಮುಗಿಯುವಾಗ ಅವನು ಕ್ಲಿನಿಕ್ಕಿನ ಹೊರಗೆ ನಿಂತಿದ್ದ. ಎಲುಬಿನ ಡಾಕ್ಟರನ ಹತ್ತಿರ ಹೆಸರು ಬರೆಸಿ ಬಂದಿದ್ದ. ಜರ್ಮನಿಗೆ ಬರುವುದಿಲ್ಲ ಎಂದು ಅಜ್ಜನಿಗೆ ತಿಳಿಸಿದೆ ಎಂದೂ ಹೇಳಿದ. ನಾನು ಗೆದ್ದೆ ಎಂದುಕೊಂಡೆ. ಆದರೆ ಆಮೇಲಿನ ದಿನಗಳಲ್ಲಿ ಅವನು ಅವಳ ಮಾತೇ ಎತ್ತಲಿಲ್ಲ. ಊಟದ ಹೊತ್ತಿಗೆ ಮನೆ ತಣ್ಣಗಿರುತ್ತಿತ್ತು. ಬಾಯಿ ಬಿಟ್ಟು ಹೇಳುತ್ತಿದ್ದಾಗ ಅವಳು ಟೇಬಲ್ಲಿನ ಮೇಲಿದ್ದಳು. ಈಗ ಅವನ ಒಳಗೆ ಎಷ್ಟು ಜಾಗ ಹಿಡಿದಿದ್ದಾಳೋ ಎಂದು ನನಗೆ ಇನ್ನಷ್ಟು ಸಂಕಟವಾಯಿತು.

ಶುಕ್ರವಾರ ಮಧ್ಯಾಹ್ನ ನಾವಿಬ್ಬರೂ ಬಾಗಿಲಲ್ಲಿ ನಿಂತೆವು. ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಎಲ್ಲರೂ ಬಂದರು. ಸನ್ನ, ಕೋಳಿ, ಕುಸ್ವಾರು, ದ್ರಾಕ್ಷಿಯ ಜ್ಯೂಸು. ಮನೆಯ ಯಜಮಾನ ಎದ್ದು ನಿಂತು ಎರಡು ಮಾತು ಹೇಳುವುದು ನಮ್ಮಲ್ಲಿ ರೂಢಿ. ಅವನು ಎಲ್ಲರಿಗೂ ಥ್ಯಾಂಕ್ಸ್ ಹೇಳಿ, ಕೊನೆಗೆ ನನಗೂ ಹೇಳಿ ಕುಳಿತ. ಊಟವಾದ ಮೇಲೂ ಯಾರೂ ಏಳಲಿಲ್ಲ, ಹಾಡು, ಹರಟೆ. ಸಂಜೆಯಾಗುತ್ತಿದ್ದಂತೆ ಅವನು ಅಡುಗೆಮನೆಗೆ ಬಂದು ತನ್ನ ಫೋನನ್ನು ನನ್ನ ಕೈಗೆ ಕೊಟ್ಟು, "ನಿನ್ನ ಹತ್ತಿರ ಇರಲಿ. ನನ್ನ ಹತ್ತಿರ ಇದ್ದರೆ ನೋಡ್ತೇನೆ" ಎಂದ.

ಅದನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಚಹಾ ಕಾಯಿಸಿದೆ, ಪಾತ್ರೆ ತೊಳೆದೆ. ಸವತಿಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವುದು ಸುಲಭವಲ್ಲ. ಪಂದ್ಯ ಮುಗಿಯುವ ಹೊತ್ತಾಯಿತು ಎನಿಸಿದಾಗ ಬಾಗಿಲ ಮರೆಗೆ ಹೋಗಿ ತೆರೆದು ನೋಡಿದೆ. ಅವಳು ಸೋಲಲಿ ಎಂದು ಬೇಡಿಕೊಂಡೇ ನೋಡಿದ್ದು. ಸೋತಿದ್ದಳು. ಸ್ವಂತ ಊರಿನಲ್ಲಿ, ಹಬ್ಬದ ದಿನ, ಪಟ್ಟಿಯ ಕೊನೆಯಲ್ಲಿದ್ದ ತಂಡದ ಎದುರು. ನನಗೆ ಖುಷಿಯಾಯಿತು. ಸುಳ್ಳು ಹೇಳಿ ಪ್ರಯೋಜನವಿಲ್ಲ, ಆಯಿತು.

ಚಹಾದ ಟ್ರೇ ಹಿಡಿದು ಹಾಲಿಗೆ ಬಂದಾಗ ಅವನು ನನ್ನ ಮುಖವನ್ನು ನೋಡಿದ. ಅದರಲ್ಲಿ ಏನು ಓದಿದನೋ, ನಿಧಾನಕ್ಕೆ ಎದ್ದು ಬಂದು ಸೋಫಾದಲ್ಲಿ ನನ್ನ ಪಕ್ಕ ಕುಳಿತ. ನಾಲ್ಕು ಜನರ ಮುಂದೆ ಎಂದೂ ನನ್ನ ಕೈ ಮುಟ್ಟಿದವನಲ್ಲ. ಆ ಸಂಜೆ ಅಷ್ಟು ಜನರ ನಡುವೆ ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಗಟ್ಟಿಯಾಗಿ ಒತ್ತಿ, ಹಾಗೆಯೇ ಇಟ್ಟುಕೊಂಡ. ಹೆಂಗಸರು ಕಣ್ಣು ಮಿಟುಕಿಸಿ ನಕ್ಕರು. ಇಷ್ಟು ವರ್ಷದ ಮೇಲೂ ನಿನ್ನ ಗಂಡನಿಗೆ ನಿನ್ನ ಮೇಲೆ ಎಷ್ಟು ಪ್ರೀತಿ, ನಮ್ಮವರೂ ನೋಡಿ ಕಲಿಯಲಿ ಎಂದು ಒಬ್ಬಳು ಹೊಟ್ಟೆಕಿಚ್ಚಿನಿಂದಲೇ ಹೇಳಿದಳು. ಅವನ ಕಣ್ಣು ಮಾತ್ರ ಫೋನಿದ್ದ ನನ್ನ ಏಪ್ರನ್ನಿನ ಜೇಬಿನ ಮೇಲಿತ್ತು. ಆ ಹಿಡಿತ ಯಾರಿಗಾಗಿ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೈ ಬಿಡಿಸಿಕೊಳ್ಳಲಿಲ್ಲ.