ಬೆರಳಳತೆ

ಆ ಮನೆಯಲ್ಲಿ ಬಲೆಯ ಕಣ್ಣಿಗೆ ಹೆಣೆಯುವ ಹೆಂಗಸಿನ ಕೈಯೇ ಅಳತೆ. ಅತ್ತೆಯ ಕಾಲದಲ್ಲಿ ಕಣ್ಣಿನೊಳಗೆ ಇಡೀ ಅಂಗೈ ತೂರಬೇಕಿತ್ತು. ಮಳೆಗಾಲದಲ್ಲಿ ಹೊಳೆಯ ಕೆಂಪು ನೀರಿಗೆ ಎದುರಾಗಿ, ಮೊಟ್ಟೆಯಿಡಲು ಮೇಲಕ್ಕೇರುತ್ತಿದ್ದ ಮೀನುಗಳು ಆಳುದ್ದ ಇರುತ್ತಿದ್ದವು. ಒಂದನ್ನು ಹೊರಲು ಇಬ್ಬರು ಬೇಕು. ಮೊಟ್ಟೆ ತುಂಬಿದ್ದಕ್ಕೆ ಬೆಲೆ ಹೆಚ್ಚೆಂದು ದಡದವರೆಲ್ಲ ಅವನ್ನೇ ಹಿಡಿದು ಮುಗಿಸಿದರು. ಸೊಸೆ ಬರುವ ಹೊತ್ತಿಗೆ ಅಳತೆ ನಾಲ್ಕು ಬೆರಳಿಗೆ ಇಳಿದಿತ್ತು, ಮಗಳು ಹುಟ್ಟಿದಾಗ ಎರಡಕ್ಕೆ. ಈಗ ಒಂದೇ, ಸೊಸೆಯ ತೋರುಬೆರಳು.

ಅನ್ನ ಬೇಯುವಾಗ ಹೆಣೆದಳು, ಮಗುವಿಗೆ ಹಾಲೂಡಿಸುತ್ತ ಹೆಣೆದಳು. ಗಂಡ ದುಡಿಯುತ್ತಾನೆ, ಇವಳು ಮನೆಯಲ್ಲೇ ಇರುತ್ತಾಳೆ ಎಂದು ನೆರೆಯವರು ಹೇಳುತ್ತಿದ್ದರು. ಒಂದು ವಿಷಯದಲ್ಲಿ ಮಾತ್ರ ಅವಳದು ಹಟ: ಮಗಳು ದಾರ ಮುಟ್ಟಕೂಡದು. "ಹೋಗೇ, ಪುಸ್ತಕ ಹಿಡಿ," ಎಂದು ಗದರಿ ಕಳಿಸುತ್ತಿದ್ದಳು.

ಒಂದು ಸಂಜೆ ಗಂಡ ಖಾಲಿ ಬುಟ್ಟಿ ಎಸೆದ. "ಮರಿಗಳೆಲ್ಲ ತೂರಿ ಹೋಗ್ತಿವೆ. ಪಕ್ಕದೋನ ಬುಟ್ಟಿ ತುಂಬಿದೆ. ಬೇಕಂತಲೇ ದೊಡ್ಡ ಕಣ್ಣು ಹಾಕಿದೀಯಾ?"

"ನೀವು ಹೇಳಿದಷ್ಟೇ ರೀ. ಒಂದು ಬೆರಳು."

ಅವಳ ಕೈ ಎಳೆದು ದೀಪಕ್ಕೆ ಹಿಡಿದ. ಒದ್ದೆ ದಾರ, ಪಾತ್ರೆ, ಬಟ್ಟೆ ಎಲ್ಲ ಸೇರಿ ಗೆಣ್ಣುಗಳು ಊದಿದ್ದವು. ಬೆರಳು ದಪ್ಪವಾದಂತೆ ಬಲೆಯ ಕಣ್ಣೂ ದೊಡ್ಡದಾಗಿದ್ದು ಅವಳ ಗಮನಕ್ಕೇ ಬಂದಿರಲಿಲ್ಲ.

"ಬೆರಳೋ ಒನಕೆನೋ!" ಬಾಗಿಲ ಬಳಿ ಕೂತಿದ್ದ ಅತ್ತೆ ನಕ್ಕಳು. "ಕೂತು ತಿಂದ್ರೆ ಬೆರಳಿಗೂ ಕೊಬ್ಬು ಬರುತ್ತೆ ಕಣೋ."

"ಪುಟ್ಟೀ, ಬಾ ಇಲ್ಲಿ," ಎಂದು ಗಂಡ ಕೂಗಿದ. "ಬೆರಳು ತೋರ್ಸು."

"ಅವಳು ಬೇಡ ರೀ. ನಾನು ಕಿರುಬೆರಳಲ್ಲಿ ಅಳೀತೀನಿ."

"ಅದೂ ಊದಿದೆಯಲ್ಲೇ."

ಮಗಳು ಓಡಿ ಬಂದಳು. ಅಪ್ಪ ಕರೆದು ಮಾತಾಡಿಸುವುದೇ ಅಪರೂಪ. ಅವನು ಆ ಎಳೆ ಬೆರಳನ್ನು ಎತ್ತಿ ಹಿಡಿದು, "ನೋಡು, ಬೆರಳು ಅಂದ್ರೆ ಇದು," ಎಂದ. ಹುಡುಗಿ ಹಿಗ್ಗಿ ಹೋದಳು. "ನಾಳೆಯಿಂದ ಸ್ಕೂಲು ಬೇಡ," ಎಂದ ಅಪ್ಪ.

"ಎಲ್ಲೀವರೆಗೆ?" ಎಂದಳು ತಾಯಿ.

"ಇವಳ ಬೆರಳೂ ದಪ್ಪ ಆಗೋವರೆಗೆ."

ಗಂಟು ಹಾಕಲು ಅವನಿಗೆ ಬರುತ್ತಿರಲಿಲ್ಲ. "ಕಲಿಸು," ಎಂದು ಹೆಂಡತಿಗೆ ಹೇಳಿ ಊಟಕ್ಕೆ ಕೂತ. ಅವಳು ಬಡಿಸಿದಳು, ತಟ್ಟೆ ತೊಳೆದಳು, ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಬಂದು ಮಗಳ ಬೆರಳಿಗೆ ದಾರ ಸುತ್ತಿದಳು.

"ಅಮ್ಮಾ, ಬಿಗಿ ಆಯ್ತು."

"ಬಿಗಿಯಾಗೇ ಇರ್ಬೇಕು," ಎಂದು ತಾಯಿ ಇನ್ನೊಮ್ಮೆ ಜಗ್ಗಿದಳು.